ಅನ್ನ, ಬ್ರೆಡ್, ಆಲೂಗಡ್ಡೆಯ ಜಾಗದಲ್ಲಿ ನೀವು ಏನು ತಿನ್ನುತ್ತೀರಿ? ಮೂರು ಬಾರಿ ಸೋತವರ ಪ್ರಶ್ನೆ

ಸಂಜೆಯ ಹಸಿವು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನ ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಮೂರು ತಿಂಗಳ ಹಿಂದೆ ತಿಳಿದುಬಂತು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 6.1 ಬಂದಿತ್ತು. ಅಂದಿನಿಂದ ವೈದ್ಯರ ಸಲಹೆಯಂತೆ ಪಿಷ್ಟವನ್ನು ಕಡಿಮೆ ಮಾಡುತ್ತಿದ್ದೇನೆ. ಊಟದ ಹೊತ್ತನ್ನು ಹೇಗೋ ನಿಭಾಯಿಸುತ್ತೇನೆ. ಸೋಲುವುದು ಸಂಜೆ ಐದರಿಂದ ಏಳರ ನಡುವೆ, ಕೈ ತಾನಾಗಿ ಬಿಸ್ಕತ್ತಿನ ಡಬ್ಬಿಯ ಕಡೆಗೆ ಹೋಗುವ ಆ ಎರಡು ಗಂಟೆಗಳಲ್ಲಿ.

ಇದುವರೆಗೆ ಮೂರು ಪ್ರಯೋಗ ಮಾಡಿ ಮೂರರಲ್ಲಿಯೂ ಕೈಸುಟ್ಟುಕೊಂಡಿದ್ದೇನೆ. ಹೂಕೋಸನ್ನು ತುರಿದು ಅನ್ನದಂತೆ ಬೇಯಿಸಿದಾಗ ಅದು ಗಂಜಿಯಾಯಿತು. ಬಾದಾಮಿ ಹಿಟ್ಟಿನ ಬಿಸ್ಕತ್ತು ಕೈಗೆತ್ತಿಕೊಳ್ಳುವ ಮೊದಲೇ ಪುಡಿಯಾಯಿತು. ಅಂಗಡಿಯಿಂದ ತಂದ ‘ಸಕ್ಕರೆರಹಿತ’ ಬಿಸ್ಕತ್ತನ್ನು ನಾಲ್ಕು ತಿಂದು ಒಂದೂವರೆ ಗಂಟೆಯ ನಂತರ ಮೀಟರಿನಲ್ಲಿ ನೋಡಿದರೆ, ಮಾಮೂಲಿ ಬಿಸ್ಕತ್ತು ತಿಂದಾಗ ಏರುತ್ತಿದ್ದಷ್ಟೇ ಏರಿತ್ತು. ಅನುಭವವಿರುವವರು ದಾರಿ ತೋರಿಸಬೇಕು. ಜಾಲತಾಣಗಳಲ್ಲಿ ‘ರುಚಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲ’ ಎಂದು ಬರೆಯುವವರನ್ನು ನಂಬಿ ಸಾಕಾಗಿದೆ. ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಬಾಣಲೆ ಬಂಧು ಬರೆದದ್ದು:

ಹೂಕೋಸಿನ ವಿಷಯದಲ್ಲಿ ನಿಮ್ಮ ತಪ್ಪು ಏನೆಂದು ಊಹಿಸಬಲ್ಲೆ. ನೀವು ಅದಕ್ಕೆ ನೀರು ಹಾಕಿದ್ದೀರಿ, ಇಲ್ಲವೇ ತಟ್ಟೆ ಮುಚ್ಚಿದ್ದೀರಿ. ಹೂಕೋಸಿನ ತೂಕದಲ್ಲಿ ನೂರಕ್ಕೆ 92 ಭಾಗ ನೀರೇ ಇರುತ್ತದೆ. ಅಕ್ಕಿ ನೀರನ್ನು ಹೀರಿಕೊಂಡು ಬೇಯುವ ಧಾನ್ಯವಾದರೆ, ಹೂಕೋಸು ನೀರನ್ನು ಬಿಡುತ್ತಾ ಬೇಯುವ ತರಕಾರಿ. ಆದ್ದರಿಂದ ಅನ್ನ ಮಾಡುವ ಕ್ರಮವನ್ನು ಪೂರ್ತಿ ತಿರುಗಿಸಬೇಕು. ತೊಳೆದ ಹೂಕೋಸನ್ನು ಚೆನ್ನಾಗಿ ಒಣಗಿಸಿ, ಅಕ್ಕಿಕಾಳಿನ ಗಾತ್ರಕ್ಕೆ ತುರಿದು, ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಅಗಲವಾದ ಬಾಣಲೆಯಲ್ಲಿ ತೆಳುವಾಗಿ ಹರಡಿ, ದೊಡ್ಡ ಉರಿಯಲ್ಲಿ ಐದು ನಿಮಿಷ ಹುರಿಯಿರಿ. ಉಪ್ಪನ್ನು ಕೊನೆಯಲ್ಲಿ ಮಾತ್ರ ಹಾಕಿ, ಏಕೆಂದರೆ ಮೊದಲೇ ಹಾಕಿದ ಉಪ್ಪು ಒಳಗಿನ ನೀರನ್ನೆಲ್ಲ ಹೊರಗೆಳೆಯುತ್ತದೆ. ನಾಲ್ಕು ಜನರಿಗೆ ಆಗುವಷ್ಟನ್ನು ಒಂದೇ ಬಾಣಲೆಗೆ ತುಂಬಿದರೆ ಮತ್ತೆ ಗಂಜಿಯೇ ಗತಿ.

ಹೂಕೋಸು ವಿರೋಧಿ ಬರೆದದ್ದು:

ಹಿಂಡಿದರೂ ಹುರಿದರೂ ಅದು ಹೂಕೋಸೇ.

ಅಳತೆಗೋಲು ಬರೆದದ್ದು:

ವಿರೋಧಿಗಳ ಮಾತಿನಲ್ಲಿ ಸತ್ಯವಿದೆ, ಆದರೆ ಅಂಕಿಗಳನ್ನೂ ನೋಡೋಣ. ಬೇಯಿಸಿದ ಬಿಳಿ ಅನ್ನದ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟ (ಪಿಷ್ಟ, ಸಕ್ಕರೆ, ನಾರು ಎಲ್ಲ ಸೇರಿದ ಕಾರ್ಬೊಹೈಡ್ರೇಟ್) ಇರುತ್ತದೆ. ಅಷ್ಟೇ ತೂಕದ ಹೂಕೋಸಿನಲ್ಲಿ ಇರುವುದು 5 ಗ್ರಾಂ, ಅದರಲ್ಲಿಯೂ 2 ಗ್ರಾಂ ನಾರು. ಬೇಯಿಸಿದ ಆಲೂಗಡ್ಡೆಯಲ್ಲಿ ಸುಮಾರು 20, ಬಿಳಿ ಬ್ರೆಡ್ಡಿನಲ್ಲಿ ಸುಮಾರು 49 ಗ್ರಾಂ. ಆದ್ದರಿಂದ ಅನ್ನವನ್ನು ಪೂರ್ತಿ ಬಿಡಲು ಆಗದವರು ಅರ್ಧ ಅನ್ನ, ಅರ್ಧ ಹುರಿದ ಹೂಕೋಸು ಬೆರೆಸಿ ತಿಂದರೂ ಶರ್ಕರಪಿಷ್ಟ ಹೆಚ್ಚುಕಡಿಮೆ ನೂರಕ್ಕೆ 40 ಪಾಲು ಇಳಿಯುತ್ತದೆ. ನನ್ನ ಮನೆಯವರು ಒಂದು ತಿಂಗಳ ಕಾಲ ಈ ಬೆರಕೆಯನ್ನು ಗುರುತಿಸಲೇ ಇಲ್ಲ. ಗುರುತಿಸಿದ ದಿನ ಏನಾಯಿತು ಎಂಬುದು ಇಲ್ಲಿ ಬೇಡ.

ನಿಮ್ಮ ಬಿಸ್ಕತ್ತಿನ ಬಗ್ಗೆ: ಪೊಟ್ಟಣದ ಹಿಂಭಾಗದಲ್ಲಿ ಮೊದಲ ಎರಡು ಪದಾರ್ಥಗಳು ಯಾವುವು?

ಸಂಜೆಯ ಹಸಿವು ಬರೆದದ್ದು:

ಈಗ ತೆಗೆದು ನೋಡಿದೆ. ಮೊದಲನೆಯದು ಗೋಧಿ ಹಿಟ್ಟು, ಎರಡನೆಯದು ಮಾಲ್ಟಿಟಾಲ್. ಅಕ್ಷರಗಳು ಇರುವೆಯ ಸಾಲಿನಂತಿವೆ, ಕನ್ನಡಕ ಹಾಕಿಕೊಂಡು ಓದಬೇಕಾಯಿತು.

ಅಳತೆಗೋಲು ಬರೆದದ್ದು:

ಹಾಗಾದರೆ ಮೀಟರು ಸುಳ್ಳು ಹೇಳಿಲ್ಲ. ಸಕ್ಕರೆರಹಿತ ಎಂದರೆ ಪಿಷ್ಟರಹಿತ ಎಂದು ಅರ್ಥವಲ್ಲ. ಗೋಧಿ ಹಿಟ್ಟಿನ ಪಿಷ್ಟ ಜೀರ್ಣವಾದಾಗ ಸಿಗುವುದು ಗ್ಲೂಕೋಸೇ ಹೊರತು ಬೇರೇನೂ ಅಲ್ಲ. ಅದರ ಮೇಲೆ, ಸಕ್ಕರೆಯ ಬದಲಿಗೆ ಬಳಸುವ ಸಿಹಿ ಮದ್ಯಸಾರಗಳಲ್ಲಿ (ಹೆಸರು ಹೀಗಿದ್ದರೂ ಇವು ಮದ್ಯವಲ್ಲ) ರಕ್ತದ ಸಕ್ಕರೆಯನ್ನು ಗಮನಾರ್ಹವಾಗಿ ಏರಿಸುವುದು ಈ ಮಾಲ್ಟಿಟಾಲ್. ಸಕ್ಕರೆ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಇದು ಸುಮಾರು 2 ಕ್ಯಾಲೊರಿ ಕೊಡುತ್ತದೆ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರವೂ ಭೇದಿಯೂ ಉಚಿತ. ಅಗ್ಗವಾಗಿ, ಸಕ್ಕರೆಯಂತೆಯೇ ವರ್ತಿಸುವುದರಿಂದ ತಯಾರಕರಿಗೆ ಇದು ಪ್ರಿಯ.

ಗೋಡಂಬಿ ಪ್ರಿಯ ಬರೆದದ್ದು:

ಇಷ್ಟೆಲ್ಲ ಕಷ್ಟ ಏಕೆ? ನಾನು ಮೇಜಿನ ಮೇಲೆ ಒಂದು ಡಬ್ಬಿ ಹುರಿದ ಗೋಡಂಬಿ ಇಟ್ಟುಕೊಂಡಿದ್ದೇನೆ. ಹಸಿವಾದಾಗಲೆಲ್ಲ ಬಾಯಿಗೆ ಹಾಕಿಕೊಳ್ಳುತ್ತೇನೆ. ಬೀಜಗಳಲ್ಲಿ ಪಿಷ್ಟವೇ ಇರುವುದಿಲ್ಲವಲ್ಲ.

ನಾರುಬೇರು ಬರೆದದ್ದು:

ಎಲ್ಲ ಬೀಜಗಳೂ ಒಂದೇ ಅಲ್ಲ, ಗೋಡಂಬಿ ಪ್ರಿಯರೇ, ನೀವು ಆಯ್ದುಕೊಂಡಿರುವುದು ಅವುಗಳಲ್ಲಿ ಹೆಚ್ಚು ಪಿಷ್ಟವಿರುವ ಬೀಜವನ್ನೇ. ಗೋಡಂಬಿಯ 100 ಗ್ರಾಂನಲ್ಲಿ ಸುಮಾರು 30 ಗ್ರಾಂ ಶರ್ಕರಪಿಷ್ಟವಿದ್ದು ನಾರು ಕೇವಲ 3 ಗ್ರಾಂ ಇದೆ. ಬಾದಾಮಿಯಲ್ಲಿ ಶರ್ಕರಪಿಷ್ಟ 22 ಗ್ರಾಂ ಇದ್ದರೂ ಅದರಲ್ಲಿ 12 ಗ್ರಾಂಗಿಂತ ಹೆಚ್ಚು ನಾರು. ಅಕ್ರೋಟಿನಲ್ಲಿ 14 ಗ್ರಾಂ, ಅದರಲ್ಲಿ ನಾರು 7ರ ಹತ್ತಿರ. ಕಡಲೆಕಾಯಿ ಸಸ್ಯಶಾಸ್ತ್ರದ ಪ್ರಕಾರ ಬೇಳೆಕಾಳಿನ ವಂಶಕ್ಕೆ ಸೇರಿದ್ದರೂ ಈ ಲೆಕ್ಕದಲ್ಲಿ ಬಾದಾಮಿಯ ಜೊತೆಗೇ ನಿಲ್ಲುತ್ತದೆ: 16 ಗ್ರಾಂ, ಅದರಲ್ಲಿ ನಾರು 8ಕ್ಕಿಂತ ಹೆಚ್ಚು, ಮೇಲಾಗಿ ಪ್ರೋಟೀನ್ 25 ಗ್ರಾಂ. ಸಂಜೆಯ ತಿಂಡಿಗೆ ಇದಕ್ಕಿಂತ ಸುಲಭವಾದದ್ದು ನನಗೆ ಗೊತ್ತಿಲ್ಲ.

ಗೋಡಂಬಿ ಪ್ರಿಯ ಬರೆದದ್ದು:

ಇಷ್ಟು ವರ್ಷಗಳ ಪ್ರೀತಿಗೆ ಇದು ದೊಡ್ಡ ಏಟು. ದಿನಕ್ಕೆ ಹತ್ತು ತಿಂದರೆ ಆಗುವುದಿಲ್ಲವೇ?

ಅಳತೆಗೋಲು ಬರೆದದ್ದು:

ಹತ್ತು ಎಂದರೆ ಆಗುತ್ತದೆ, ಡಬ್ಬಿ ಎಂದರೆ ಆಗುವುದಿಲ್ಲ. ಇಲ್ಲಿ ಹೆಸರಿಸಿದ ಯಾವ ಬೀಜವಾದರೂ 100 ಗ್ರಾಂಗೆ ಸುಮಾರು 550ರಿಂದ 650 ಕ್ಯಾಲೊರಿ ಇರುತ್ತದೆ. 30 ಗ್ರಾಂ ಅಳೆದು ಬಟ್ಟಲಿಗೆ ಹಾಕಿಕೊಂಡು ಡಬ್ಬಿಯನ್ನು ಬೇರೆ ಕೋಣೆಯಲ್ಲಿ ಇಡಿ. ಚಿಪ್ಪು ಸುಲಿದು ತಿನ್ನಬೇಕಾದ ಬೀಜವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಸುಲಿಯುವ ಕೆಲಸವೇ ವೇಗವನ್ನು ತಗ್ಗಿಸುತ್ತದೆ.

ಬೇಕರಿ ಕೈ ಬರೆದದ್ದು:

ನಾನು ಹದಿನಾಲ್ಕು ವರ್ಷಗಳಿಂದ ಒಲೆಯ ಮುಂದೆ ನಿಂತು ಬ್ರೆಡ್ಡು, ಬಿಸ್ಕತ್ತು ಸುಡುವವನು. ಬಾದಾಮಿ ಬಿಸ್ಕತ್ತು ಏಕೆ ಪುಡಿಯಾಯಿತು ಎಂಬುದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ಒಂದು ಕಾರಣ ತಿಳಿದರೆ ಮುಂದಿನ ಹತ್ತು ತಪ್ಪುಗಳು ತಪ್ಪುತ್ತವೆ.

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಅದರ ಪ್ರೋಟೀನುಗಳು ಕೂಡಿ ಗ್ಲುಟೆನ್ ಎಂಬ ಬಲೆಯನ್ನು ನೇಯುತ್ತವೆ. ಆ ಬಲೆಯ ಕಣ್ಣುಗಳಲ್ಲಿ ಪಿಷ್ಟ ಉಬ್ಬಿ ಗಟ್ಟಿಯಾಗುತ್ತದೆ. ಬಾದಾಮಿ ಹಿಟ್ಟಿನಲ್ಲಿ ಬಲೆಯೂ ಇಲ್ಲ, ಅದರ ಕಣ್ಣುಗಳನ್ನು ತುಂಬುವ ಪಿಷ್ಟವೂ ಇಲ್ಲದಂತೆಯೇ. ಅದು ಹೆಸರಿಗೆ ಹಿಟ್ಟು, ವಾಸ್ತವವಾಗಿ ಅರ್ಧದಷ್ಟು ಎಣ್ಣೆಯಿರುವ ಪುಡಿ. ಗೋಧಿ ಬಿಸ್ಕತ್ತಿನ ಅಳತೆಯಲ್ಲಿಯೇ ನೀವು ಬೆಣ್ಣೆ ಹಾಕಿದ್ದರೆ ಎಣ್ಣೆಯ ಮೇಲೆ ಎಣ್ಣೆ ಸುರಿದಂತಾಯಿತು. ಬೆಣ್ಣೆಯನ್ನು ಅರ್ಧಕ್ಕೆ ಇಳಿಸಿ, ಒಂದು ಬಟ್ಟಲು ಹಿಟ್ಟಿಗೆ ಒಂದು ಮೊಟ್ಟೆಯ ಬಿಳಿಭಾಗವನ್ನೋ ಒಂದು ಚಮಚ ಇಸಬ್ಗೋಲ್ ಪುಡಿಯನ್ನೋ ಸೇರಿಸಿ. ಕಣಕವನ್ನು ಅರ್ಧ ಗಂಟೆ ತಂಪಿನಲ್ಲಿಟ್ಟು, ಎರಡು ಕಾಗದಗಳ ನಡುವೆ ಲಟ್ಟಿಸಿ, 160 ಡಿಗ್ರಿಯಲ್ಲಿ ಅಂಚು ಕೆಂಪಾಗುವವರೆಗೆ ಸುಡಿ. ಆಮೇಲೆ ಮುಟ್ಟಬೇಡಿ. ಈ ಬಿಸ್ಕತ್ತು ಗಟ್ಟಿಯಾಗುವುದು ಒಲೆಯಲ್ಲಿ ಅಲ್ಲ, ಪೂರ್ತಿ ಆರಿದ ಮೇಲೆ. ಬಿಸಿಯಲ್ಲೇ ಎತ್ತಿದವರ ಕೈಗೆ ಪುಡಿಯೇ ಸಿಗುತ್ತದೆ, ನಿಮಗೂ ಹಾಗೆಯೇ ಆಗಿರಬೇಕು.

ಬಾದಾಮಿ ಹಿಟ್ಟಿಗೆ ಬದಲಾಗಿ ತೆಂಗಿನ ಹಿಟ್ಟನ್ನು ಅಷ್ಟೇ ಅಳತೆಯಲ್ಲಿ ಹಾಕುವ ಸಾಹಸಕ್ಕೆ ಇಳಿಯಬೇಡಿ. ಅದು ಮರಳಿನಂತೆ ದ್ರವವನ್ನೆಲ್ಲ ಕುಡಿಯುತ್ತದೆ. ನಾಲ್ಕು ಪಾಲು ಬಾದಾಮಿ ಹಿಟ್ಟಿನ ಕೆಲಸಕ್ಕೆ ಒಂದು ಪಾಲು ತೆಂಗಿನ ಹಿಟ್ಟು ಸಾಕು, ಮೊಟ್ಟೆಗಳನ್ನು ಮಾತ್ರ ಹೆಚ್ಚಿಸಬೇಕು. ಪಿಜ್ಜಾ ಬೇಕೆನ್ನುವವರಿಗೆ ಕರಗಿಸಿದ ಮೊಝರೆಲ್ಲಾ ಚೀಸಿಗೆ ಬಾದಾಮಿ ಹಿಟ್ಟು ಮತ್ತು ಒಂದು ಮೊಟ್ಟೆ ಕಲಸಿದ ಕಣಕ ಇದೆ. ಅಲ್ಲಿ ಗ್ಲುಟೆನ್ ಮಾಡುವ ಎಳೆಯ ಕೆಲಸವನ್ನು ಚೀಸು ಮಾಡುತ್ತದೆ. ವೃತ್ತಿಯವನಾಗಿ ಒಪ್ಪಿಕೊಳ್ಳಬೇಕಾದ ಮಾತು: ಅದು ಚೆನ್ನಾಗಿರುತ್ತದೆ, ಆದರೆ ಎರಡು ತುಂಡಿಗೆ ಹೊಟ್ಟೆ ತುಂಬಿ ಮೂರನೆಯದನ್ನು ನೋಡಲೂ ಆಗುವುದಿಲ್ಲ.

ಸಂಜೆಯ ಹಸಿವು ಬರೆದದ್ದು:

ಬಿಸಿಯಲ್ಲೇ ಎತ್ತಿದ್ದು ನಿಜ. ಬೆಣ್ಣೆಯನ್ನೂ ಕೈತುಂಬ ಹಾಕಿದ್ದೆ. ಎದುರು ನಿಂತು ನೋಡಿದವರಂತೆ ಬರೆದಿದ್ದೀರಿ.

ಹೂಕೋಸು ವಿರೋಧಿ ಬರೆದದ್ದು:

ಎಲ್ಲರೂ ಇಷ್ಟು ಶ್ರದ್ಧೆಯಿಂದ ಬರೆಯುತ್ತಿರುವುದರಿಂದ ನನ್ನ ವಿರೋಧದ ಕಾರಣವನ್ನೂ ಹೇಳುವುದು ನ್ಯಾಯ. ನಾನು ಎರಡು ವರ್ಷ ಈ ನಕಲುಗಳ ಹಿಂದೆ ಓಡಿದೆ. ನಕಲಿ ಅನ್ನ, ನಕಲಿ ಬ್ರೆಡ್ಡು, ನಕಲಿ ಕೇಕು. ಪ್ರತಿ ತುತ್ತಿನಲ್ಲಿಯೂ ನಾಲಿಗೆ ಅಸಲಿನೊಂದಿಗೆ ಹೋಲಿಸಿ ನೋಡಿ ‘ಇದಲ್ಲ’ ಎನ್ನುತ್ತಿತ್ತು. ವಾರಕ್ಕೊಮ್ಮೆ ತಾಳ್ಮೆ ಕೆಟ್ಟು ಅಸಲನ್ನೇ ಒಂದು ರಾಶಿ ತಿನ್ನುತ್ತಿದ್ದೆ. ಕೊನೆಗೆ ನಕಲನ್ನು ಪೂರ್ತಿ ಬಿಟ್ಟೆ. ಈಗ ಆಲೂಗಡ್ಡೆ ತಿನ್ನಬೇಕೆನಿಸಿದರೆ ಆಲೂಗಡ್ಡೆಯನ್ನೇ, ಮೊಟ್ಟೆಯ ಗಾತ್ರದ ಒಂದನ್ನು, ಬೇರೆ ತರಕಾರಿಗಳ ನಡುವೆ ಹಾಕಿಕೊಂಡು ತಿನ್ನುತ್ತೇನೆ. ಉಳಿದ ದಿನ ಮೊಟ್ಟೆ, ಮೊಸರು, ಸೌತೆಕಾಯಿ, ಕಡಲೆಕಾಯಿ. ಅವು ಯಾವುದರ ನಕಲೂ ಅಲ್ಲ, ತಮ್ಮ ಹೆಸರಿನಲ್ಲಿಯೇ ಬರುತ್ತವೆ. ಹಾಗಾಗಿ ನನಗೆ ನಿರಾಸೆಯೂ ಇಲ್ಲ.

ಬಾಣಲೆ ಬಂಧು ಬರೆದದ್ದು:

ನಿಮ್ಮ ಅನುಭವವನ್ನು ಅಲ್ಲಗಳೆಯಲಾರೆ, ಆದರೆ ಅದರಿಂದ ನೀವು ತಲುಪಿದ ತೀರ್ಮಾನವನ್ನು ಒಪ್ಪಲಾರೆ. ನೀವು ಸೋತದ್ದು ಬದಲಿ ಆಹಾರದಿಂದ ಅಲ್ಲ, ರುಚಿಗೆ ಬದಲಿ ಹುಡುಕಲು ಹೋದದ್ದರಿಂದ. ಅನ್ನಕ್ಕೆ, ಬ್ರೆಡ್ಡಿಗೆ, ನೂಡಲ್ಸಿಗೆ ತಮ್ಮದೇ ಆದ ರುಚಿ ಎಷ್ಟಿದೆ ಹೇಳಿ. ಅವು ತಟ್ಟೆಯಲ್ಲಿ ಒಂದು ಕೆಲಸ ಮಾಡುತ್ತವೆ. ಅನ್ನ ಸಾರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ರೆಡ್ಡು ಒಳಗಿನ ಪದಾರ್ಥವನ್ನು ಕೈಗೆ ಅಂಟದಂತೆ ಬಾಯಿಗೆ ತಲುಪಿಸುತ್ತದೆ. ಆಲೂಗಡ್ಡೆ ಚಿಪ್ಸು ಹಲ್ಲಿನಡಿ ಸದ್ದು ಮಾಡಿ ಉಪ್ಪನ್ನು ನಾಲಿಗೆಗೆ ಒಪ್ಪಿಸುತ್ತದೆ. ಆ ಕೆಲಸ ಯಾವುದೆಂದು ಮೊದಲು ಕೇಳಿಕೊಂಡರೆ ಉತ್ತರ ಸುಲಭವಾಗುತ್ತದೆ.

ನನ್ನ ಮನೆಯಲ್ಲಿ ಸುತ್ತಿ ತಿನ್ನುವುದಕ್ಕೆ ತೆಳ್ಳಗೆ ಹೊಯ್ದ ಆಮ್ಲೆಟ್ ಇದೆ. ಒಂದು ಮೊಟ್ಟೆಯಲ್ಲಿ ಶರ್ಕರಪಿಷ್ಟ ಒಂದು ಗ್ರಾಂ ಕೂಡ ಇಲ್ಲ. ಸಾಸನ್ನು ಹಿಡಿದಿಡಲು ಎಲೆಕೋಸನ್ನು ಉದ್ದುದ್ದ ಎಳೆಯಾಗಿ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸುತ್ತೇನೆ, ಮತ್ತು ಜುಕಿನಿ ಎಂಬ ಸೌತೆಯಂತಹ ತರಕಾರಿಯ ನೂಡಲ್ಸಿಗಿಂತ ಇದೇ ಮೇಲು ಎಂದು ಯಾರೊಂದಿಗಾದರೂ ವಾದಕ್ಕೆ ಸಿದ್ಧ, ಏಕೆಂದರೆ ಜುಕಿನಿ ತಟ್ಟೆಗೆ ಬಿದ್ದ ಐದನೇ ನಿಮಿಷಕ್ಕೆ ಕೆರೆಯಾಗುತ್ತದೆ. ಹುರಿದ ಆಲೂಗಡ್ಡೆಯ ಬದಲಿಗೆ ಮೂಲಂಗಿಯ ಹೋಳುಗಳನ್ನು ಮೊದಲು ಹತ್ತು ನಿಮಿಷ ಬೇಯಿಸಿ, ನೀರು ಬಸಿದು, ಒಣಗಿಸಿ ಹುರಿಯುತ್ತೇನೆ. ಬೆಂದ ಮೂಲಂಗಿಯ ಘಾಟು ಇಳಿದು ಹಿತವಾದ ಸಿಹಿ ಬರುತ್ತದೆ, 100 ಗ್ರಾಂಗೆ ಶರ್ಕರಪಿಷ್ಟ ಮೂರು ಚಿಲ್ಲರೆ ಗ್ರಾಂ ಮಾತ್ರ. ಅದು ಆಲೂಗಡ್ಡೆ ಎಂದು ಯಾರಿಗೂ ಅನ್ನಿಸುವುದಿಲ್ಲ, ಅನ್ನಿಸಬೇಕಾಗಿಯೂ ಇಲ್ಲ.

ಹೂಕೋಸು ವಿರೋಧಿ ಬರೆದದ್ದು:

ಮೂಲಂಗಿಯ ಮಾತಿಗೆ ಒಂದು ಅವಕಾಶ ಕೊಡುತ್ತೇನೆ. ಹೂಕೋಸಿಗೆ ಮಾತ್ರ ಇಲ್ಲ.

ಮೌನ ಓದುಗ ಬರೆದದ್ದು:

ಮೊದಲ ಬಾರಿಗೆ ಬರೆಯುತ್ತಿದ್ದೇನೆ. ಇಷ್ಟೆಲ್ಲ ಬೇಕಾಗಿಯೇ ಇಲ್ಲ ಎಂದು ಕೇಳಿದ್ದೇನೆ. ಅನ್ನವನ್ನು ಬೇಯಿಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಅದರ ಪಿಷ್ಟವೆಲ್ಲ ನಾರಾಗಿ ಬದಲಾಗುತ್ತದಂತೆ. ಬಿಳಿ ಅನ್ನದ ಬದಲಿಗೆ ಕಂದು ಅಕ್ಕಿ, ಆಲೂಗಡ್ಡೆಯ ಬದಲಿಗೆ ಸಿಹಿಗೆಣಸು, ಗೋಧಿ ಬ್ರೆಡ್ಡಿನ ಬದಲಿಗೆ ಗ್ಲುಟೆನ್ ರಹಿತ ಬ್ರೆಡ್ಡು ತಿಂದರೆ ಸಾಲದೇ?

ನಾರುಬೇರು ಬರೆದದ್ದು:

ನಾಲ್ಕು ಪ್ರಶ್ನೆಗಳಿವೆ, ನಾಲ್ಕಕ್ಕೂ ಉತ್ತರ ‘ಸಾಲದು’ ಎಂದೇ, ಕಾರಣಗಳು ಮಾತ್ರ ಬೇರೆ ಬೇರೆ.

ಬೆಂದ ಪಿಷ್ಟ ತಣ್ಣಗಾದಾಗ ಅದರ ಒಂದು ಪಾಲು, ಮುಖ್ಯವಾಗಿ ಅಮೈಲೋಸ್ ಎಂಬ ನೇರ ಸರಪಳಿಯ ಭಾಗ, ಮತ್ತೆ ಬಿಗಿಯಾಗಿ ಜೋಡಿಕೊಂಡು ಸಣ್ಣ ಕರುಳಿನಲ್ಲಿ ಜೀರ್ಣವಾಗದ ರೂಪಕ್ಕೆ ಹೋಗುವುದು ನಿಜ. ಇದನ್ನು ನಿರೋಧಕ ಪಿಷ್ಟ ಎನ್ನುತ್ತಾರೆ. ಆದರೆ ಹಾಗಾಗುವುದು ಒಂದು ಸಣ್ಣ ಪಾಲಿಗೆ ಮಾತ್ರ. ಉಳಿದ ಬಹುಭಾಗ ಮೊದಲಿನಂತೆಯೇ ಗ್ಲೂಕೋಸಾಗುತ್ತದೆ. ತಂಗಳನ್ನ ಬಿಸಿ ಅನ್ನಕ್ಕಿಂತ ಸ್ವಲ್ಪ ಮೇಲು ಎನ್ನಬಹುದು, ಅಷ್ಟೇ. ಬೇಯಿಸಿದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟು ಆರಿಸಬೇಡಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಾಂತಿಭೇದಿ ತರುತ್ತವೆ. ಬೇಗ ಆರಿಸಿ, ಬೇಗ ಫ್ರಿಜ್ಜಿಗೆ ಇಡಬೇಕು.

ಕಂದು ಅಕ್ಕಿಯಲ್ಲಿ ನಾರು ಸ್ವಲ್ಪ ಹೆಚ್ಚು, ಆದರೆ ಶರ್ಕರಪಿಷ್ಟ ಬಿಳಿ ಅನ್ನಕ್ಕಿಂತ ಅಲ್ಪವೇ ಕಡಿಮೆ. ಸಿಹಿಗೆಣಸಿನಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ, ಅಂದರೆ ಆಲೂಗಡ್ಡೆಯಷ್ಟೇ. ಇನ್ನು ಗ್ಲುಟೆನ್ ರಹಿತ ಬ್ರೆಡ್ಡನ್ನು ಸಾಮಾನ್ಯವಾಗಿ ಮಾಡುವುದು ಅಕ್ಕಿ ಹಿಟ್ಟು, ಮರಗೆಣಸಿನ ಪಿಷ್ಟ, ಮೆಕ್ಕೆಜೋಳದ ಪಿಷ್ಟಗಳಿಂದ. ಗೋಧಿ ಒಗ್ಗದವರಿಗೆ ಅದು ವರದಾನ. ಪಿಷ್ಟ ಬಿಡುವವರಿಗೆ ಅದರಿಂದ ಏನೂ ಲಾಭವಿಲ್ಲ. ಅಂಗಡಿಯಲ್ಲಿ ಸಿಗುವ ‘ಹೂಕೋಸಿನ ಪಿಜ್ಜಾ’ದ ಹಿಂಬದಿಯನ್ನೂ ಓದಿ ನೋಡಿ, ಎಷ್ಟೋ ಪೊಟ್ಟಣಗಳಲ್ಲಿ ಹೂಕೋಸಿನ ಪಕ್ಕದಲ್ಲಿಯೇ ಅಕ್ಕಿ ಹಿಟ್ಟು ಕುಳಿತಿರುತ್ತದೆ.

ಹೂಕೋಸು ವಿರೋಧಿ ಬರೆದದ್ದು:

ಹೂಕೋಸಿನ ನಕಲಿಗೂ ಒಂದು ನಕಲು! ನನ್ನ ಬಾಯಲ್ಲಿ ಮಾತಿಲ್ಲ.

ಮೌನ ಓದುಗ ಬರೆದದ್ದು:

ಮತ್ತೆ ಮೌನಕ್ಕೆ ಹಿಂತಿರುಗುತ್ತೇನೆ, ಆದರೆ ಧನ್ಯವಾದಗಳು. ಹೋಗುವ ಮೊದಲು ಒಂದೇ ಪ್ರಶ್ನೆ: ಪಾಪ್‌ಕಾರ್ನ್?

ಅಳತೆಗೋಲು ಬರೆದದ್ದು:

ಗಾಳಿಯಲ್ಲಿ ಅರಳಿಸಿದ ಮೂರು ಬಟ್ಟಲು ಪಾಪ್‌ಕಾರ್ನಿನ ತೂಕ ಸುಮಾರು 24 ಗ್ರಾಂ. ಅದರಲ್ಲಿ ಶರ್ಕರಪಿಷ್ಟ ಸುಮಾರು 18, ನಾರು ಮೂರೂವರೆ ಗ್ರಾಂ. ದಿನಕ್ಕೆ 130 ಗ್ರಾಂ ಮಿತಿ ಇಟ್ಟುಕೊಂಡವರು ಧಾರಾಳವಾಗಿ ತಿನ್ನಬಹುದು. ದಿನಕ್ಕೆ 20ರಿಂದ 50 ಗ್ರಾಂ ಮಿತಿಯ ಕಟ್ಟುನಿಟ್ಟಿನವರಿಗೆ ಅದು ಒಂದೇ ಬಟ್ಟಲಿನ ಮಾತು. ಮೂರು ಬಟ್ಟಲು ತಿನ್ನಲು ಹಿಡಿಯುವ ಹೊತ್ತನ್ನು ನೋಡಿದರೆ ಅದು ಬಿಸ್ಕತ್ತಿಗಿಂತ ಎಷ್ಟೋ ವಾಸಿ.

ಇನ್ಸುಲಿನ್ ಸಂಗಾತಿ ಬರೆದದ್ದು:

ನಾನು ಬಾಲ್ಯದಿಂದ ಇನ್ಸುಲಿನ್ ತೆಗೆದುಕೊಳ್ಳುವವಳು, ಆದ್ದರಿಂದ ಗ್ರಾಂ ಎಣಿಸುವುದು ನನಗೆ ಉಸಿರಾಟದಂತೆ. ಇಲ್ಲಿ ಯಾರೂ ಹೇಳದ ಒಂದು ಮಾತಿದೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಲವಾಗಿ ಇಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ಹಳೆಯ ಪ್ರಮಾಣವನ್ನೇ ಮುಂದುವರಿಸಿ ಊಟದ ಪಿಷ್ಟವನ್ನು ಮಾತ್ರ ಕಡಿಮೆ ಮಾಡಿದರೆ ಸಕ್ಕರೆ ಕುಸಿದು ನೆಲಕ್ಕೆ ಬೀಳುವ ಸ್ಥಿತಿ ಬರುತ್ತದೆ. ನನಗೆ ಒಮ್ಮೆ ಬಂದಿತ್ತು. ಆಗ ಕೈಗೆ ಸಿಕ್ಕಿದ್ದು ಸಿಹಿಕಾರಕ ಹಾಕಿದ ಚಾಕೊಲೇಟು, ಅದರಿಂದ ಯಾವ ಉಪಯೋಗವೂ ಆಗಲಿಲ್ಲ. ಮನೆಯನ್ನು ಎಷ್ಟೇ ಪಿಷ್ಟಮುಕ್ತ ಮಾಡಿದರೂ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ಒಂದು ಕಡೆ ಇಟ್ಟಿರಬೇಕು.

ಇನ್ನೊಂದು: ಯಾವ ಬದಲಿ ತಿಂಡಿಯ ಮೇಲೂ ಪೊಟ್ಟಣದ ಮಾತನ್ನು ನಂಬದೆ, ತಿನ್ನುವ ಮೊದಲು ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ ಪರೀಕ್ಷಿಸಿ. ಚೀಸು, ಬಾದಾಮಿ ಹೆಚ್ಚಿರುವ ತಿನಿಸಾದರೆ ಮೂರು ನಾಲ್ಕು ಗಂಟೆಯ ನಂತರವೂ ಒಮ್ಮೆ ನೋಡಿ. ಕೊಬ್ಬು ಜೀರ್ಣವನ್ನು ನಿಧಾನಿಸುವುದರಿಂದ ಏರಿಕೆ ತಡವಾಗಿ ಕಾಣಿಸಿಕೊಳ್ಳುವುದುಂಟು.

ತೂಕದ ತಕ್ಕಡಿ ಬರೆದದ್ದು:

ಪಥ್ಯಾಹಾರದ ಸಲಹೆ ನೀಡುವುದೇ ನನ್ನ ಕೆಲಸವಾದ್ದರಿಂದ ಹಿಂದಿನ ಮಾತಿಗೆ ಒತ್ತು ಕೊಟ್ಟು ಇನ್ನಷ್ಟು ಸೇರಿಸುತ್ತೇನೆ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ, ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಪಿಷ್ಟವನ್ನು ತೀರಾ ಇಳಿಸಬಾರದು. ಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿಯೇ ಎಚ್ಚರಿಸಿದೆ.

ಬೇಕರಿಯ ಸ್ನೇಹಿತರು ಹೇಳಿದ ಇಸಬ್ಗೋಲನ್ನು ಸಾಕಷ್ಟು ನೀರಿನೊಂದಿಗೆ ಸೇವಿಸಬೇಕು, ಒಣಪುಡಿಯಾಗಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಉಬ್ಬಿ ಕೂರುತ್ತದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದವರು ದಿನವೂ ಬಾದಾಮಿ ಹಿಟ್ಟಿನ ಬ್ರೆಡ್ಡು ತಿನ್ನುವುದು ಒಳ್ಳೆಯದಲ್ಲ, ಏಕೆಂದರೆ ಬಾದಾಮಿಯಲ್ಲಿ ಆಕ್ಸಲೇಟ್ ಬಹಳ. ಇಡಿಯಾಗಿ ತಿನ್ನುವಾಗ ಇಪ್ಪತ್ತು ಬಾದಾಮಿಗೆ ನಿಲ್ಲುವ ಕೈ, ಹಿಟ್ಟಾದಾಗ ಎಂಬತ್ತನ್ನು ಗಮನಕ್ಕೇ ಬಾರದಂತೆ ದಾಟುತ್ತದೆ. ಕಡಲೆಕಾಯಿ ಒಗ್ಗದವರು ಲೂಪಿನ್ ಎಂಬ ಕಾಳಿನ ಹಿಟ್ಟಿನಿಂದಲೂ ದೂರವಿರಬೇಕು. ಎರಡೂ ಒಂದೇ ಸಸ್ಯವಂಶಕ್ಕೆ ಸೇರಿದವು.

ಎರಡು ನಾಯಿಗಳ ಮನೆ ಬರೆದದ್ದು:

ಮನುಷ್ಯರ ಅಪಾಯಗಳ ನಡುವೆ ನಾಯಿಗಳದ್ದನ್ನೂ ಸೇರಿಸಲು ಅವಕಾಶ ಕೊಡಿ. ಝೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಬಿಸ್ಕತ್ತೋ ಕಡಲೆಕಾಯಿ ಬೆಣ್ಣೆಯೋ ನಾಯಿಯ ಹೊಟ್ಟೆಗೆ ಹೋದರೆ ಅದರ ದೇಹದಲ್ಲಿ ಇನ್ಸುಲಿನ್ ಒಮ್ಮೆಲೇ ಸುರಿದು ಸಕ್ಕರೆ ಕುಸಿಯುತ್ತದೆ, ಯಕೃತ್ತೂ ಹಾಳಾಗಬಹುದು. ತಟ್ಟೆಯ ಅಂಚಿನ ಚೂರನ್ನು ಪ್ರೀತಿಯಿಂದ ಎಸೆಯುವ ಅಭ್ಯಾಸವಿರುವವರು ದಯವಿಟ್ಟು ಗಮನಿಸಿ.

ಗೋಡಂಬಿ ಪ್ರಿಯ ಬರೆದದ್ದು:

ಹಾಗಾದರೆ ಸಿಹಿ ಬೇಕೆನ್ನುವವರು ಯಾವುದನ್ನು ಬಳಸಬೇಕು? ಮಾಲ್ಟಿಟಾಲ್ ಬೇಡ, ಝೈಲಿಟಾಲ್ ನಾಯಿಗೆ ವಿಷ. ಎರಿಥ್ರಿಟಾಲ್ ಸುರಕ್ಷಿತ ಎನ್ನುತ್ತಾರೆ.

ತೂಕದ ತಕ್ಕಡಿ ಬರೆದದ್ದು:

ಎರಿಥ್ರಿಟಾಲ್ ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ, ಕ್ಯಾಲೊರಿಯೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದವು ಎಂಬ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದು ಸಂಬಂಧವನ್ನು ತೋರಿಸಿತೇ ಹೊರತು ಕಾರಣವನ್ನು ಸಾಬೀತುಪಡಿಸಲಿಲ್ಲ, ಮೇಲಾಗಿ ದೇಹವೂ ಅದನ್ನು ತಾನೇ ಸ್ವಲ್ಪ ತಯಾರಿಸುತ್ತದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲೆಂದು ಸ್ಟೀವಿಯಾ, ಸುಕ್ರಲೋಸ್‌ನಂತಹ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಎಂದು ಸಲಹೆ ನೀಡಿತು; ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ನನ್ನ ಬಳಿ ಬರುವವರಿಗೆ ನಾನು ಹೇಳುವುದು, ಯಾವುದನ್ನು ಬಳಸಿದರೂ ವಾರ ವಾರ ಅದರ ಪ್ರಮಾಣ ಇಳಿಸುತ್ತಾ ಬನ್ನಿ ಎಂದು. ಒಂದೆರಡು ತಿಂಗಳಲ್ಲಿ ಬಾದಾಮಿಯೇ ಸಿಹಿ ಎನ್ನಿಸುತ್ತದೆ, ಇದು ಉತ್ಪ್ರೇಕ್ಷೆಯಲ್ಲ.

ಬೇಕರಿ ಕೈ ಬರೆದದ್ದು:

ಎರಿಥ್ರಿಟಾಲ್ ಹಾಕಿದ ಬಿಸ್ಕತ್ತು ಬಾಯಲ್ಲಿ ಪುದೀನ ತಿಂದಂತೆ ತಣ್ಣಗನ್ನಿಸುತ್ತದೆ, ಎರಡನೇ ದಿನ ಹರಳುಗಟ್ಟಿ ಮರಳಿನಂತೆ ಕರಕರ ಎನ್ನುತ್ತದೆ. ಆರೋಗ್ಯದ ವಾದ ಏನೇ ಇರಲಿ, ನನಗೆ ಇಷ್ಟೇ ಕಾರಣ ಸಾಕು.

ನಾರುಬೇರು ಬರೆದದ್ದು:

ಲೆಕ್ಕ ಹಾಕುವವರಿಗೆ ಒಂದು ಸಲಹೆ: ಒಟ್ಟು ಶರ್ಕರಪಿಷ್ಟದಿಂದ ನಾರನ್ನು ಕಳೆಯಿರಿ, ಉಳಿದದ್ದೇ ನಿಜವಾದ ಲೆಕ್ಕ. ಅಗಸೆ ಬೀಜದಲ್ಲಿ 29 ಗ್ರಾಂ ಶರ್ಕರಪಿಷ್ಟ ಎಂದು ನೋಡಿ ಹೆದರುವವರಿದ್ದಾರೆ. ಅದರಲ್ಲಿ 27 ಗ್ರಾಂ ನಾರು.

ಅಳತೆಗೋಲು ಬರೆದದ್ದು:

ಇಲ್ಲಿ ನಿಮ್ಮನ್ನು ತಿದ್ದಬೇಕಾಗಿದೆ, ಕ್ಷಮಿಸಿ. ಆ ಕಳೆಯುವ ಲೆಕ್ಕ ಎಲ್ಲ ಪೊಟ್ಟಣಗಳಿಗೂ ಹೊಂದುವುದಿಲ್ಲ. ಅಮೆರಿಕದ ಚೀಟಿಯಲ್ಲಿ ಒಟ್ಟು ಶರ್ಕರಪಿಷ್ಟದ ಒಳಗೆ ನಾರೂ ಸೇರಿರುತ್ತದೆ, ಅಲ್ಲಿ ಕಳೆಯಬಹುದು. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಶರ್ಕರಪಿಷ್ಟ ಎಂದು ಮುದ್ರಿಸುವ ಅಂಕಿಯಲ್ಲಿ ನಾರು ಸೇರಿರುವುದೇ ಇಲ್ಲ, ಅದನ್ನು ಬೇರೆ ಸಾಲಿನಲ್ಲಿ ಕೊಡುತ್ತಾರೆ. ಅಲ್ಲಿಯೂ ಕಳೆದರೆ ಒಂದೇ ನಾರನ್ನು ಎರಡು ಬಾರಿ ಕಳೆದಂತಾಗಿ, ಕಾಗದದ ಮೇಲೆ ಬ್ರೆಡ್ಡು ಕೂಡ ಪಥ್ಯವಾಗಿಬಿಡುತ್ತದೆ. ಯಾವ ದೇಶದ ಚೀಟಿ ಎಂದು ನೋಡಿದ ಮೇಲೆಯೇ ಕಳೆಯುವ ಮಾತು.

ನಾರುಬೇರು ಬರೆದದ್ದು:

ನಾನು ಒಂದು ವರ್ಷದಿಂದ ಆಮದಾದ ಒಂದು ಬ್ರೆಡ್ಡಿನ ಮೇಲೆ ಎರಡು ಬಾರಿ ಕಳೆಯುತ್ತಾ ಬಂದಿದ್ದೇನೆ ಎಂದು ಈಗ ಅರಿವಾಯಿತು. ಅದಕ್ಕೇ ಅದು ಅಷ್ಟು ರುಚಿಯಾಗಿತ್ತು.

ಬಾಣಲೆ ಬಂಧು ಬರೆದದ್ದು:

ನೂಡಲ್ಸ್ ಪ್ರಿಯರಿಗೆ ಕೊಂಜಾಕ್ ಗೆಡ್ಡೆಯ ನೂಡಲ್ಸನ್ನು ಯಾರೂ ಹೇಳಿಲ್ಲ. ಅದರಲ್ಲಿ ನೂರಕ್ಕೆ 97 ಪಾಲು ನೀರು, ಉಳಿದದ್ದು ಬಹುತೇಕ ಗ್ಲುಕೋಮನ್ನಾನ್ ಎಂಬ ನಾರು. ಪೊಟ್ಟಣ ಒಡೆದಾಗ ಬರುವ ಮೀನಿನಂತಹ ವಾಸನೆಗೆ ಹೆದರಿ ಎಸೆಯಬೇಡಿ. ಹರಿಯುವ ನೀರಿನಲ್ಲಿ ಎರಡು ನಿಮಿಷ ತೊಳೆದು, ಮೂರು ನಿಮಿಷ ಕುದಿಸಿ, ಎಣ್ಣೆಯಿಲ್ಲದ ಬಾಣಲೆಯಲ್ಲಿ ಕೀಚು ಕೀಚು ಎನ್ನುವವರೆಗೆ ಒಣಗಿಸಿ ಆಮೇಲೆ ಸಾಸು ಹಾಕಿ.

ಹೂಕೋಸು ವಿರೋಧಿ ಬರೆದದ್ದು:

ರಬ್ಬರನ್ನು ತೊಳೆದು ಕುದಿಸಿ ಹುರಿಯುವ ವಿಧಾನ ಚೆನ್ನಾಗಿದೆ.

ತೂಕದ ತಕ್ಕಡಿ ಬರೆದದ್ದು:

ನಗು ಬಂದರೂ ಒಂದು ಗಂಭೀರ ಮಾತು: ಇದೇ ಕೊಂಜಾಕಿನಿಂದ ಮಾಡಿದ ಸಣ್ಣ ಬಟ್ಟಲಿನ ಜೆಲ್ಲಿ ಬಾಯಲ್ಲಿ ಕರಗದೆ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡ ಕಾರಣ, ಐರೋಪ್ಯ ಒಕ್ಕೂಟ 2003ರಲ್ಲಿ ಜೆಲ್ಲಿ ಮಿಠಾಯಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ನೂಡಲ್ಸಾದರೂ ಚೆನ್ನಾಗಿ ಅಗಿದೇ ನುಂಗಬೇಕು.

ಬೇಕರಿ ಕೈ ಬರೆದದ್ದು:

ಮೂಲ ಪ್ರಶ್ನೆ ಸಂಜೆಯ ತಿಂಡಿಯದ್ದಾಗಿತ್ತು, ಎಲ್ಲರೂ ಊಟದ ತಟ್ಟೆಗೆ ಹೋಗಿಬಿಟ್ಟಿದ್ದೇವೆ. ನನ್ನ ಮನೆಯಲ್ಲಿ ಎಂದೂ ಖಾಲಿಯಾಗದ ಡಬ್ಬಿ ಇದು: ಒಂದು ಬಟ್ಟಲು ಅಗಸೆ ಬೀಜದ ಪುಡಿಗೆ ಅರ್ಧ ಬಟ್ಟಲು ನೀರು, ಉಪ್ಪು, ಜೀರಿಗೆ, ಒಂದು ಹಿಡಿ ಎಳ್ಳು ಅಥವಾ ಕುಂಬಳಬೀಜ ಸೇರಿಸಿ ಹತ್ತು ನಿಮಿಷ ಬಿಡಿ. ಅಗಸೆಯ ಲೋಳೆಯೇ ಅದನ್ನು ಹಿಡಿದಿಡುತ್ತದೆ, ಮೊಟ್ಟೆ ಬೇಡ. ಕಾಗದದ ಮೇಲೆ ಆದಷ್ಟು ತೆಳುವಾಗಿ ಹರಡಿ, ಚಾಕುವಿನಿಂದ ಗೆರೆ ಎಳೆದು, 160 ಡಿಗ್ರಿಯಲ್ಲಿ ಸುಮಾರು ನಲವತ್ತು ನಿಮಿಷ ಸುಟ್ಟು, ಒಲೆ ಆರಿಸಿ ಅದರೊಳಗೇ ತಣಿಯಲು ಬಿಡಿ. ಸದ್ದು ಬೇಕೆನ್ನುವ ಹಲ್ಲಿಗೆ ಇದು ಸಾಕು. ಇಡೀ ಅಗಸೆ ಬೀಜವನ್ನು ಹಾಗೆಯೇ ಬಳಸಿದರೆ ಅದು ಹೊಟ್ಟೆಯಲ್ಲಿ ಒಡೆಯದೆ ಬಂದಂತೆಯೇ ಹೊರಗೆ ಹೋಗುತ್ತದೆ, ಪುಡಿಯೇ ಆಗಬೇಕು.

ಸಂಜೆಯ ಹಸಿವು ಬರೆದದ್ದು:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಅಗಸೆಯ ಬಿಲ್ಲೆಗಳು ಮೊದಲ ಬಾರಿ ದಪ್ಪವಾಗಿ ಚರ್ಮದಂತಾದವು. ಎರಡನೆಯ ಬಾರಿ ತೆಳುವಾಗಿ ಹರಡಿದಾಗ ನಿಜಕ್ಕೂ ಸದ್ದು ಮಾಡಿದವು. ಅವನ್ನು ಮೊಸರಿನಲ್ಲಿ ಅದ್ದಿ ತಿಂದು ಎರಡು ಗಂಟೆಯ ನಂತರ ನೋಡಿದರೆ ಮೀಟರು 9 ಅಂಕ ಮಾತ್ರ ಏರಿತ್ತು, ಆ ಬಿಸ್ಕತ್ತಿಗೆ 50ರ ಮೇಲೆ ಏರಿತ್ತು. ಬಾದಾಮಿ ಬಿಸ್ಕತ್ತು ಆರಿದ ಮೇಲೆ ಎತ್ತಿದೆ, ಇಡಿಯಾಗಿ ಬಂತು. ಮೂಲಂಗಿಯನ್ನು ಮನೆಯಲ್ಲಿ ಮೂವರು ಇಷ್ಟಪಟ್ಟರು, ಒಬ್ಬರು ತಟ್ಟೆಯನ್ನು ದೂರ ತಳ್ಳಿದರು. ಅರ್ಧ ಅನ್ನ, ಅರ್ಧ ಹೂಕೋಸಿನ ಉಪಾಯ ಮಾತ್ರ ಮೊದಲ ತುತ್ತಿನಲ್ಲಿಯೇ ಸಿಕ್ಕಿಬಿತ್ತು.

ಅಳತೆಗೋಲು ಬರೆದದ್ದು:

ಹೂಕೋಸಿನ ದಂಟನ್ನೂ ಸೇರಿಸಿ ತುರಿದಿರಾ? ಹೂವಿನ ಭಾಗವನ್ನು ಮಾತ್ರ ಬಳಸಿ, ಮೊದಲ ವಾರ ಕಾಲು ಭಾಗದಿಂದ ಆರಂಭಿಸಿ.

ಹೂಕೋಸು ವಿರೋಧಿ ಬರೆದದ್ದು:

ಸಿಕ್ಕಿಬೀಳಿಸಿದವರಿಗೆ ನನ್ನ ಅಭಿನಂದನೆಗಳನ್ನು ತಿಳಿಸಿ. ಅಂದಹಾಗೆ ನಿನ್ನೆ ಮೂಲಂಗಿ ಹುರಿದೆ. ಇನ್ನೊಮ್ಮೆ ಮಾಡುತ್ತೇನೆ.